ಬಳಗಕ್ಕೆ ಮೂವರು ಬೇಕು

ಗುಲಾಬಿ ಹಾರ ಕೊರಳಿಗೆ ಬಿದ್ದಾಗ ಅಂಜಿನಯ್ಯ ಗಾಬರಿಯಾದ. ಅವನು ಬಂದದ್ದು ಬೆಳಿಗ್ಗೆ ಬಾಡಿಗೆಗೆ ಕೊಟ್ಟಿದ್ದ ನಲವತ್ತು ಕುರ್ಚಿಗಳನ್ನು ಟೆಂಪೋಗೆ ತುಂಬಿಕೊಂಡು ಹೋಗಲು. ಆದರೆ ಸಭಾಂಗಣದ ಬಾಗಿಲಲ್ಲಿ ಹೊಸ ಸದಸ್ಯರಿಗೆಂದು ಹಾರ ಹಿಡಿದು ನಿಂತಿದ್ದ ಅಧ್ಯಕ್ಷ ಪ್ರಭಂಜನ ಅವರಿಗೆ ಅದನ್ನೆಲ್ಲ ವಿಚಾರಿಸುವ ತಾಳ್ಮೆ ಉಳಿದಿರಲಿಲ್ಲ. ಒಂದೂವರೆ ಗಂಟೆಯಲ್ಲಿ ಒಳಗೆ ಕಾಲಿಟ್ಟ ಮೊದಲ ಹೊಸ ಮುಖ ಅದು.

"ಸಾರ್, ನಾನು ಕುರ್ಚಿ..."

"ಬಂದ ದಿನಾನೇ ಕುರ್ಚಿ ಕೇಳಬ್ಯಾಡ್ರಿ. ಮೊದಲು ಸದಸ್ಯರಾಗ್ರಿ, ಕುರ್ಚಿ ತಾನೇ ಬರ್ತದ" ಎಂದು ಅವನ ಕೈಹಿಡಿದು ವೇದಿಕೆಗೆ ಹತ್ತಿಸಿದರು.

ಹೊಸಪೇಟೆಯ ಆ ಸೇವಾ ಬಳಗದಲ್ಲಿ ಒಂದು ಕಾಲಕ್ಕೆ ಅರವತ್ತು ಜನ ಇದ್ದರು. ಈಗ ಒಂಬತ್ತು, ಅವರಲ್ಲೂ ನಾಲ್ವರಿಗೆ ಮೊಣಕಾಲು ನೋವು. ತಿಂಗಳ ಕೊನೆಯೊಳಗೆ ಮೂವರು ಹೊಸಬರು ಸೇರದಿದ್ದರೆ ಬಳಗವನ್ನು ಬಳ್ಳಾರಿ ಶಾಖೆಯಲ್ಲಿ ವಿಲೀನ ಮಾಡುವುದಾಗಿ ಮೇಲಿನವರು ಪತ್ರ ಬರೆದಿದ್ದರು. ಅಷ್ಟು ಹೋರಾಡಿ ಬೇರೆ ಜಿಲ್ಲೆಯಾದ ಮೇಲೆ ಮತ್ತೆ ಬಳ್ಳಾರಿಗೆ ಸೇರುವುದೇ! ನಿವೃತ್ತ ಕನ್ನಡ ಉಪನ್ಯಾಸಕರಾದ ಪ್ರಭಂಜನ ಅಂದಿನಿಂದ ಸದಸ್ಯತ್ವದ ಫಾರಂ ಹಿಡಿದುಕೊಂಡು ಊರೆಲ್ಲ ಓಡಾಡಿದ್ದರು. ಬೆಳಗಿನ ವಾಕಿಂಗ್‌ನವರು ಈಗ ಅವರನ್ನು ದೂರದಿಂದ ಕಂಡರೇ ರಸ್ತೆ ದಾಟಿಬಿಡುತ್ತಿದ್ದರು.

ಕಾರ್ಯದರ್ಶಿ ಸರಸ್ವತೀಬಾಯಿ, ಇವರೂ ನಿವೃತ್ತರೇ, ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಮುದ್ದಾದ ಅಕ್ಷರದಲ್ಲಿ ಅಂಜಿನಯ್ಯನ ಹೆಸರು ಬರೆದುಕೊಂಡರು. ಎದುರಿಗೆ ಕೂತಿದ್ದ ಏಳು ಮಂದಿ ಚಪ್ಪಾಳೆ ತಟ್ಟಿದರು. ಇನ್ನು ಕುರ್ಚಿಯ ವಿಷಯ ಎತ್ತಲು ಅಂಜಿನಯ್ಯನಿಗೆ ಬಾಯಿ ಬರಲಿಲ್ಲ.

"ಸೇರಿದ ಮ್ಯಾಲೆ ನಾ ಏನು ಮಾಡಬೇಕ್ರಿ?" ಎಂದು ಕೇಳಿದ.

"ಇನ್ನಿಬ್ಬರನ್ನ ಸೇರಿಸಬೇಕು."

"ಅವ್ರು ಏನು ಮಾಡ್ಬೇಕ್ರಿ?"

"ಅವರೂ ತಲಾ ಇಬ್ಬರನ್ನ ಸೇರಿಸ್ತಾರ."

"ಅಲ್ರೀ, ಕೆಲಸ ಏನ್ರಿ?"

ಏಳು ಮಂದಿಯೂ ಅಧ್ಯಕ್ಷರ ಮುಖ ನೋಡಿದರು. ಪ್ರಭಂಜನ ಕನ್ನಡಕ ತೆಗೆದು ಒರೆಸಿಕೊಂಡರು. ಬಳಗ ಕೊನೆಯದಾಗಿ ಮಾಡಿದ ಸೇವೆ ಎರಡು ವರ್ಷದ ಹಿಂದಿನದು. ಒಬ್ಬ ರೋಗಿಗೆ ಒಂದು ಬಾಳೆಹಣ್ಣು ಕೊಡುವಾಗ ಆ ಹಣ್ಣನ್ನು ಹನ್ನೊಂದು ಜನ ಹಿಡಿದುಕೊಂಡಿದ್ದ ಫೋಟೋ ಅಲ್ಲೇ ಗೋಡೆಯ ಮೇಲಿತ್ತು.

"ನೀವೇ ಹೇಳ್ರಿ, ಏನು ಮಾಡೋಣು?" ಎಂದರು ಸರಸ್ವತೀಬಾಯಿ, ಮೆಲ್ಲಗೆ.

ಅಂಜಿನಯ್ಯ ತಲೆ ಕೆರೆದುಕೊಂಡ. "ನಮ್ಮತ್ತಿ ಗಂಡಸಾಗ್ಯಾಳ್ರಿ. ಆಧಾರ್ ಕಾರ್ಡಿನಾಗ ಎಲ್ಲಮ್ಮ ಅನ್ನೋ ಕಡಿ ಎಲ್ಲಪ್ಪ, ಪುರುಷ ಅಂತ ಬಿದ್ದದ. ಸಂಡೂರಿನ ಮಗಳ ಮನಿಗೆ ಹೊಂಟ್ರ ಕಂಡಕ್ಟರ್ ಕಾರ್ಡ್ ನೋಡಿ, ಗಂಡಸರಿಗೆ ಫ್ರೀ ಇಲ್ಲ ಅಜ್ಜಾ, ಟಿಕೆಟ್ ತಗೋ ಅಂದ್ನಂತ. ಅರ್ಜಿ ಬರಿಯೋರಿಲ್ಲದ ಹಂಗೇ ಅದಾಳ. ನಮ್ಮ ಕಮಲಾಪುರದಾಗ ಇಂಥವ್ರು ಭಾಳ ಮಂದಿ ಅದಾರ್ರಿ. ನೀವೆಲ್ಲ ಓದಿದೋರು..."

ಮರುದಿನ ಇಪ್ಪತ್ತೊಂಬತ್ತನೇ ತಾರೀಖು, ಕಮಲಾಪುರದ ಸಂತೆ. ಬಾಳೆಗೊನೆಯ ಗಾಡಿಗಳ ಪಕ್ಕದಲ್ಲಿ, ಬೇವಿನ ಮರದ ಕೆಳಗೆ ಬಳಗದವರು ಮೇಜು ಹಾಕಿದರು. ಮೊದಲು ಬಂದ ಎಲ್ಲಮ್ಮನ ತಿದ್ದುಪಡಿ ಅರ್ಜಿಯನ್ನು ಪ್ರಭಂಜನ ತಾವೇ ಬರೆದರು. ಹಳೆಯ ಚಟ ಬಿಡಲಾಗದೆ ಸದಸ್ಯತ್ವದ ಫಾರಂ ತೋರಿಸಿ ಕೇಳಿಯೂಬಿಟ್ಟರು: "ಬಳಗಕ್ಕ ಸೇರ್ತೀಯೇನವ್ವ?"

"ತಡಿಯಪ್ಪ, ಮೊದಲು ಹೆಂಗಸರಾಗ ಸೇರ್ತೀನಿ" ಎಂದಳು ಮುದುಕಿ.

ಹತ್ತು ಗಂಟೆಗೆ ಸಾಲು ಬಳೆಯಂಗಡಿ ಮುಟ್ಟಿತು. ಹುಟ್ಟಿದ ದಿನಕ್ಕಿಂತ ಮೊದಲೇ ಮದುವೆಯಾದವನು, ಹೆಂಡತಿಯ ಮಗನೆಂದು ನಮೂದಾದ ಗಂಡ, ಬದುಕಿದ್ದೂ ಪಟ್ಟಿಯಲ್ಲಿ ಸತ್ತ ಗಾಳೆಪ್ಪ. ಮೊಣಕಾಲು ನೋವಿನವರು ನೋವು ಮರೆತು ಎದ್ದು ನಿಂತು ಸಾಲು ಸರಿಮಾಡಿದರು. ಮೇಲಿನವರಿಂದ ಫೋನ್ ಬಂತು: "ಎಷ್ಟು ಮಂದಿ ಆದ್ರು ಸರ್?"

"ಮೂವತ್ತು ಆತು, ಇನ್ನೂ ಬರಾಕತ್ತಾರ, ಆಮ್ಯಾಲೆ ಮಾತಾಡ್ತೀನಿ" ಎಂದು ಪ್ರಭಂಜನ ಫೋನ್ ಇಟ್ಟರು. ಆ ಕಡೆಯವರು ಹೌಹಾರಿರಬೇಕು.

ಸಾಲಿನಲ್ಲಿದ್ದ ದೇವಿಕಾ ಎಂಬ ಯುವತಿ ತನ್ನ ಸರದಿ ಬಂದಾಗ, ಪ್ರಭಂಜನ ಬರೆಯುತ್ತಿದ್ದ ಅರ್ಜಿಯನ್ನು ಮೇಜಿನ ಆಚೆಯಿಂದ ತಲೆಕೆಳಗಾಗಿಯೇ ಓದಿದಳು. 'ಮಾನ್ಯರ ದಿವ್ಯ ಸನ್ನಿಧಾನಕ್ಕೆ ಈ ಮೂಲಕ ನಿವೇದಿಸಿಕೊಳ್ಳುವುದೇನೆಂದರೆ' ಎಂದು ಶುರುವಾಗಿತ್ತು.

"ಸಾರ್, ಹಿಂಗ ಬರೆದ್ರ ಅವ್ರು ಕೈ ಮುಗಿತಾರ, ಕೆಲಸ ಮಾಡಂಗಿಲ್ಲ. ಕೊಡ್ರಿ ಇಲ್ಲಿ."

ಪೆನ್ನು ಕಸಿದುಕೊಂಡು ಎರಡು ಸಾಲಿನಲ್ಲಿ ಬರೆದು ಮುಗಿಸಿದಳು. ಹಿಂದೆ ನಿಂತವನು "ನಂದೂ ಬರಿಯವ್ವ" ಎಂದ. ಅವಳು ಮೇಜಿನ ಈಚೆಗೆ ಬಂದು ಕೂತಳು. ಒಂದಾಯಿತು, ಹತ್ತಾಯಿತು. ಬಿಸಿಲು ನೆತ್ತಿಗೇರಿದರೂ ಏಳಲಿಲ್ಲ. ಪ್ರಭಂಜನ ಅವಳಿಗೆ ಕಾರ್ಬನ್ ಹಾಳೆ ಜೋಡಿಸಿಕೊಡುತ್ತಿದ್ದರು. ತಮ್ಮ ವಾಕ್ಯಗಳನ್ನು ಹೀಗೆ ಹೊಡೆದುಹಾಕಿದ ವಿದ್ಯಾರ್ಥಿ ಮೂವತ್ತು ವರ್ಷದಲ್ಲಿ ಒಬ್ಬನೂ ಇರಲಿಲ್ಲ, ಆದರೂ ಅವರಿಗೆ ಒಂಥರಾ ಹಿತವಾಗಿತ್ತು.

ಸಂತೆ ಕರಗುವ ಹೊತ್ತಿಗೆ ಅವಳು ಬೆರಳ ನೆಟಿಕೆ ಮುರಿಯುತ್ತಾ ಕೇಳಿದಳು: "ಮುಂದಿನ ಸಂತೆಗೆ ಎಷ್ಟೊತ್ತಿಗೆ ಬರ್ಲಿ ಸಾರ್?"

ಸರಸ್ವತೀಬಾಯಿ ಅಧ್ಯಕ್ಷರನ್ನು ಮೊಣಕೈಯಿಂದ ತಿವಿದರು. "ನಾಳೆಗೆ ತಿಂಗಳು ಮುಗೀತದ. ಕೇಳ್ರಿ, ಕೇಳ್ರಿ!"

ಪ್ರಭಂಜನ ಮೇಜಿನ ಮೇಲಿದ್ದ ಸದಸ್ಯತ್ವದ ಫಾರಂಗಳ ಕಟ್ಟನ್ನು ಮೆಲ್ಲಗೆ ಎಳೆದುಕೊಂಡು ಅದರ ಮೇಲೆ ಕೂತುಬಿಟ್ಟರು.

"ಸುಮ್ನಿರ್ರಿ ಬಾಯಾರೆ" ಎಂದು ಪಿಸುಗುಟ್ಟಿದರು. "ಇದನ್ನ ನೋಡಿದ್ರ ಬರೋದು ಬಿಟ್ಟುಬಿಟ್ಟಾಳು."