ಮೊದಲ ಸೊಲ್ಲು

ಮೂರು ತಲೆಮಾರು ಊರಿನ ಮದುವೆಗಳಲ್ಲಿ ಸೋಬಾನೆ ಹಾಡಿದ ಮೇಳದಲ್ಲಿ ಈಗ ಉಳಿದಿದ್ದವಳು ಅಜ್ಜಿ ಒಬ್ಬಳೇ. ಹಾಡು ದಾಖಲಿಸಿಕೊಳ್ಳಲು ಬಂದ ಹುಡುಗಿ ಮೊಬೈಲನ್ನು ಅವಳ ಮುಂದಿಟ್ಟಳು.

“ಹಾಡಿ ಅಜ್ಜಿ.”

“ಹಾಡು ಎತ್ತೋಳು ಚಿಕ್ಕತಾಯಕ್ಕ ಕಣವ್ವ. ಮೊದಲ ಸೊಲ್ಲು ಅವಳ್ದು, ಎರಡನೇದು ನಮ್ದು. ಅವಳ್ದು ಕಿವಿಗೆ ಬೀಳ್ದೆ ನನ್ ಬಾಯಿಗೆ ಪದ ಬರಾಕಿಲ್ಲ.”

“ಅವರು ತೀರಿಕೊಂಡು ಹತ್ತು ವರ್ಷ ಆಯ್ತಲ್ಲ ಅಜ್ಜಿ. ನೀವೇ ಎತ್ತಿ ನೋಡಿ.”

“ಒಂದಿನಾನೂ ಎತ್ತಿಲ್ಲ ಕಣವ್ವ.”

“ಹಂಗಾದ್ರೆ ಹಾಡೆಲ್ಲ ಅವರ ಜೊತೆಗೇ ಹೋದ್ವಾ?”

ಹುಡುಗಿ ಬೇಸರದಿಂದ ಮೊಬೈಲಿಗೆ ಕೈಚಾಚಿದಳು. ಅಜ್ಜಿ ಥಟ್ಟನೆ ಅವಳ ಕೈ ಹಿಡಿದು ತಡೆದು, ಖಾಲಿ ಜಗುಲಿಯ ಕಡೆ ಕಿವಿಗೊಟ್ಟಳು. ಎಲ್ಲೂ ಸದ್ದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿ ಎರಡನೆಯ ಸೊಲ್ಲು ಹಾಡಿದಳು.