ಕೆಂಪು ಸುತ್ತಿನೊಳಗಿನ ಮೂಲೆ

ರಿಹಾಬ್ ಚಾಕುವಿನ ತುದಿಯಿಂದ ತನ್ನದೇ ಗೆರೆಯನ್ನು ಕೆರೆಯುತ್ತಿದ್ದಳು. ಹಸಿರು ಸರ್ಕ್ಯೂಟ್ ಬೋರ್ಡಿನ ಮೇಲೆ ಆ ತಾಮ್ರದ ಗೆರೆ ನೇರ ಬಂದು, ಗೋಡೆಗೆ ಬಡಿದಂತೆ ತೊಂಬತ್ತು ಡಿಗ್ರಿ ತಿರುಗಿತ್ತು. ಗೆರೆಗಳನ್ನೆಲ್ಲ ಅವಳು ಒಬ್ಬಳೇ ಹಾಕಿದ ಮೊದಲ ಬೋರ್ಡು ಅದು. ನಕ್ಷೆಯಲ್ಲಿ ಅದೇ ಮೂಲೆಗೆ ವಿಭಾಗದ ಹಿರಿಯ, ಎಲ್ಲರೂ ಗೌರವದಿಂದ ‘ಸಿ’ ಸೇರಿಸಿ ಕರೆಯುವ ಸಿ ಲಮ್ಜೆದ್, ಕೆಂಪು ಸುತ್ತು ಹಾಕಿ, ತಪ್ಪು ಯಾರದೆಂದು ಪಕ್ಕದಲ್ಲಿ ಅವಳ ಹೆಸರು ಬರೆದಿದ್ದರು. ಈಗ ಅವಳ ಬೆನ್ನ ಹಿಂದೆಯೇ ನಿಂತಿದ್ದರು.

“ಮೂಲೇಲಿ ಸಿಗ್ನಲ್ ಸೋರತ್ತೆ ಅಂತ ಮೂವತ್ತು ವರ್ಷದಿಂದ ಬಡ್ಕೋತಿದೀನಿ ಮಗಳೇ. ನಮ್ಮ ಸ್ಫಾಕ್ಸ್ ಊರಿನ ಟ್ಯಾಕ್ಸಿಯವನೂ ಹಿಂಗೆ ತಿರುಗಿಸಲ್ಲ! ಈ ಸಲಾನೂ ಟೆಸ್ಟ್ ಫೇಲಾದ್ರೆ ನೀನು ವಾಪಸ್ ಕೆಳಗೆ, ತಂತಿ ಕಟ್ಟೋ ಸಾಲಿಗೆ.”

“ಮೂಲೇನೇ ಇಲ್ದಂಗೆ ಮಾಡ್ತೀನಿ, ನೀವೇ ನೋಡಿ.” ಆರು ವರ್ಷ ತಂತಿ ಕಟ್ಟಿದ ಬೆರಳುಗಳವು. ಮೂಲೆಯಿದ್ದ ಜಾಗದಲ್ಲಿ ಸಣ್ಣ ತಂತಿಯೊಂದನ್ನು ಬಿಲ್ಲಿನಂತೆ ಬಾಗಿಸಿ ಸೋಲ್ಡರ್ ಮಾಡಿ, ಸ್ವಿಚ್ ಒತ್ತಿದಳು. ಪರದೆಯ ಮೇಲೆ ಸೋರಿಕೆ ತೋರಿಸುವ ಮೊನೆ ಮಿತಿಯ ಗೆರೆ ದಾಟಿಯೇ ನಿಂತಿತ್ತು. ಒಂದಿಷ್ಟೂ ಇಳಿದಿರಲಿಲ್ಲ.

ರಿಹಾಬ್ ಬೋರ್ಡನ್ನು ಮಗುಚಿದಳು. ಗೆರೆಯಲ್ಲಿ ಹೋದ ಸಿಗ್ನಲ್ ವಾಪಸ್ ಬರುವ ದಾರಿಯಾದ ಹಿಂಬದಿಯ ತಾಮ್ರದ ಹಾಸಿನ ನಕ್ಷೆ ಬರೆದವರು ಸಿ ಲಮ್ಜೆದ್. ಸರಿಯಾಗಿ ಅವಳ ಗೆರೆಯ ಕೆಳಗೇ ಅದರಲ್ಲೊಂದು ಉದ್ದನೆಯ ಸೀಳಿತ್ತು. ಅವರ ಮುಖ ನೋಡದೆ ಸೀಳಿನ ಮೇಲೆ ತಾಮ್ರದ ಪಟ್ಟಿ ಅಂಟಿಸಿದಳು. ಪರದೆಯ ಮೊನೆ ಧೊಪ್ಪನೆ ಮಿತಿಯ ಗೆರೆಯ ಕೆಳಗೆ ಬಿತ್ತು. ಅವಳು ಪಟ್ಟಿಯ ಮೇಲೆ ಬೆರಳೊತ್ತಿಕೊಂಡೇ ನಿಂತಳು.

“ಆದ್ರೂ ಆ ಮೂಲೆ ನೋಡಕ್ಕೆ ಚೆನ್ನಾಗಿಲ್ಲ,” ಎಂದು ಗೊಣಗುತ್ತ ಸಿ ಲಮ್ಜೆದ್ ನಕ್ಷೆಯನ್ನು ಎಳೆದುಕೊಂಡು, ಹಾಳೆ ತಿರುವಿ, ಸೀಳಿನ ಸುತ್ತ ಕೆಂಪು ಸುತ್ತು ಹಾಕಿದರು. ಪಕ್ಕದಲ್ಲಿ ತಮ್ಮ ಹೆಸರು ಬರೆದರು.