ಐದನೆಯ ಫೋಟೊ

“ಈ ಐದನೇದು ನೋಡೋ, ಥೇಟ್ ಸಿನಿಮಾದವರ ಥರ ಬಂದಿದೀಯ!” ಎಂದು ಓರ್ನೆಲ್ಲಾ ಫೋಟೊವನ್ನು ಗಂಡನ ಮೂಗಿನ ಹತ್ತಿರ ಹಿಡಿದಳು. ತಾರಾಂತೊ ಪಟ್ಟಣದ ಕಡಲ ದಂಡೆಯ ಹೋಟೆಲು, ಭಾನುವಾರ ಬೆಳಗಿನ ಹತ್ತು ಗಂಟೆ. ಕತಾಲ್ದೊ ನಗುತ್ತಲೇ ನೋಡಿದ. ಹೋಟೆಲಿನ ಫೋಟೊಗ್ರಾಫರ್ ನಿಲ್ಲಿಸಿದ ಕಡೆ, ಹಳೇ ಊರಿನ ಓಣಿಯೊಂದರ ಗೋಡೆಯ ಮುಂದೆ, ಇಬ್ಬರೂ ಕಣ್ಣು ಮುಚ್ಚಿ ಮುತ್ತಿಡುತ್ತಿದ್ದರು. ಓರ್ನೆಲ್ಲಾಳ ಭುಜದ ಪಕ್ಕದಲ್ಲೇ, ಗೋಡೆಗೆ ಅಂಟಿಸಿದ ಕಪ್ಪಂಚಿನ ಸಾವಿನ ನೋಟೀಸಿನಲ್ಲಿ, ಅವನ ಅಪ್ಪನ ಹೆಸರಿತ್ತು.

“ಇದು... ಎಜಿದಿಯೊ ಲಾತೊರೆ... ನಮ್ಮಪ್ಪ ಕಣೇ ಇದು!”

“ಥೂ, ಬಿಡ್ತು ಅನ್ನು. ಅದೇ ಹೆಸರಿನೋರು ಬೇರೆ ಯಾರೋ ಇರ್ಬೇಕು.”

ಬೇರೆ ಯಾರೂ ಅಲ್ಲ. ಕೆಳಗೆ ಮನೆಯವರ ಹೆಸರಿನ ಸಾಲಿತ್ತು: ಹೆಂಡತಿ ಮದ್ದಲೇನಾ, ಮಗಳು ಇಮ್ಮಾ, ಮಗ ಕತಾಲ್ದೊ, ಸೊಸೆ ಓರ್ನೆಲ್ಲಾ. ಅಂತ್ಯಸಂಸ್ಕಾರ ಶನಿವಾರ ಸಂಜೆ ಐದಕ್ಕೆ. ಫೋಟೊ ತೆಗೆದದ್ದು ಅದೇ ಶನಿವಾರ ನಾಲ್ಕಕ್ಕೆ. ದೇವರೇ!

‘ಸೊಸೆ’ ಎಂಬುದನ್ನು ಓರ್ನೆಲ್ಲಾ ಎರಡೆರಡು ಸಲ ಓದಿದಳು. ಏಳು ವರ್ಷದ ಹಿಂದೆ, ಮೊದಲ ಗಂಡನನ್ನು ಬಿಟ್ಟು ಬಂದವಳನ್ನು ಮಗ ಮದುವೆಯಾದನೆಂದು, ‘ಅವಳ ಹೆಸರನ್ನು ಈ ಮನೆಯಲ್ಲಿ ಎತ್ತಕೂಡದು’ ಎಂದು ಬಾಗಿಲು ಹಾಕಿಕೊಂಡದ್ದು ಇದೇ ಮುದುಕ. ಜೋಡಿಗಳಿಗೆಂದೇ ಇದ್ದ ಈ ಎರಡು ದಿನದ ಪ್ಯಾಕೇಜನ್ನು ಅವಳು ಹಟ ಹಿಡಿದು ಗಂಡನ ಹುಟ್ಟೂರಿನಲ್ಲೇ ಬುಕ್ ಮಾಡಿದ್ದು ಅಪ್ಪ ಮಗನನ್ನು ಒಂದು ಮಾಡಲೆಂದೇ. ಶುಕ್ರವಾರ ಹನ್ನೆರಡಕ್ಕೆ ಬಂದಿಳಿದಾಗಲೇ, “ನಡಿ, ಈಗ್ಲೇ ಹೋಗಿ ಬಿಡೋಣ” ಎಂದಿದ್ದಳು. “ಭಾನುವಾರ ಹೋಗೋಣ ಕಣೇ. ಭಾನುವಾರ ಊಟದ ಹೊತ್ತಿಗೆ ಬಂದೋರನ್ನ ನಮ್ಮಪ್ಪ ಇಲ್ಲೀತನಕ ಆಚೆ ಕಳ್ಸಿಲ್ಲ” ಎಂದು ಅವನು ಮುಂದೂಡಿದ್ದ. ಇನ್ನು ಹೋಟೆಲಿನವರ ಶೋಕಿಯೋ! ಗಂಡ ಹೆಂಡಿರ ನಡುವೆ ಎರಡು ದಿನ ಯಾರೂ ಬರಬಾರದಂತೆ, ಬಂದ ಕೂಡಲೇ ಇಬ್ಬರ ಫೋನನ್ನೂ ಡಬ್ಬಿಯೊಳಗಿಟ್ಟು ಬೀಗ ಹಾಕಿದ್ದರು. ಈಗ ವಾಪಸು ಕೊಟ್ಟ ಫೋನು ಜೀವ ಬಂದದ್ದೇ ಬಡಬಡಿಸತೊಡಗಿತು. ತಂಗಿ ಇಮ್ಮಾಳ ಇಪ್ಪತ್ತಮೂರು ಕರೆಗಳು. ಮೊದಲನೆಯದು ಶುಕ್ರವಾರ ಮಧ್ಯಾಹ್ನ ಒಂದಕ್ಕೆ, ಜೊತೆಗೊಂದು ಮೆಸೇಜು: “ಅಣ್ಣಾ, ಎಲ್ಲಿದೀಯೋ? ಅಪ್ಪ ನಿನ್ನನ್ನೇ ಕೇಳ್ತಿದಾರೆ.” ಆ ಹೊತ್ತಿನಲ್ಲಿ ಅವರು ಹೋಟೆಲಿನ ಮಾಳಿಗೆಯಲ್ಲಿ ಕುಳಿತು ಸೀಗಡಿ ತಿನ್ನುತ್ತಿದ್ದರು.

ಕತಾಲ್ದೊ ಎದ್ದುಬಿದ್ದು ಓಡಿದ. ಕೈಯಲ್ಲಿ ಫೋಟೊ ಹಿಡಿದೇ ಓರ್ನೆಲ್ಲಾ ಹಿಂದೆ ಓಡಿದಳು. ಅಪ್ಪನ ಮನೆಗೆ ಒಂದು ತಿರುವು ಇರುವಾಗ ಅದೇ ಓಣಿ, ಅದೇ ಗೋಡೆ. ಎದುರು ಮನೆಯ ಬಾಗಿಲಲ್ಲಿ ಮುದುಕಿ ಫಿಲೊಮೆನಾ ಭಾನುವಾರದ ಪಾಸ್ತಾ ಮಾಡುತ್ತ ಕುಳಿತಿದ್ದಳು. ಹಿಟ್ಟಿನ ತುಣುಕನ್ನು ಹಲಗೆಯ ಮೇಲೆ ಚಾಕುವಿನಿಂದ ಒತ್ತಿ, ಹೆಬ್ಬೆರಳ ಮೇಲೆ ಮಗುಚುತ್ತಿದ್ದಳು.

“ಅಜ್ಜಿ, ನಾನು ಕತಾಲ್ದೊ.”

“ಗೊತ್ತು. ನಿನ್ನೆನೇ ಗೊತ್ತಾಯ್ತು. ಫೋಟೊಗೆ ಅಂತ ಟೋಪಿ, ಕರೀ ಕನ್ನಡಕ ತೆಗೆದ್ಯಲ್ಲ, ಅಪ್ಪನ ಮೂಗು ಅಲ್ಲೇ ಕಂಡ್ತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ನಿಮ್ಮಮ್ಮಂಗೆ ಹೇಳ್ದೆ. ಮಗ ಬಂದಿದಾನೆ, ಸೊಸೇನೂ ಬಂದಿದಾಳೆ, ನೋಟೀಸಿನ ಮುಂದೇನೇ ನಿಂತಿದಾರೆ, ಶವಪೆಟ್ಟಿಗೆ ಎತ್ಬೇಡಿ ಅಂತ. ಐದು ಹೊಡೆದ್ಮೇಲೂ ಮುಕ್ಕಾಲು ಗಂಟೆ ಕಾದ್ರು ಕಣೋ! ಪಾದ್ರಿ ಗಡಿಯಾರ ನೋಡ್ತಾನೇ ಇದ್ದ, ನಿಮ್ಮಮ್ಮ ಬಾಗಿಲು ಬಿಟ್ಟು ಅಲ್ಲಾಡ್ಲಿಲ್ಲ.”

“ನಾವದನ್ನ ಓದ್ಲೇ ಇಲ್ಲ ಅಜ್ಜಿ! ದೇವರಾಣೆಗೂ ಓದ್ಲಿಲ್ಲ!”

“ಯಾರಿಗೆ ಹೇಳ್ತೀಯ? ಈ ಓಣೀಲಿ ಹುಟ್ಟಿದೋನು ಗೋಡೆ ಓದ್ದೆ ಮುಂದೆ ಹೋಗ್ತಾನಾ? ನಿಮ್ಮಮ್ಮ ನಂಬ್ತಾಳಾ? ಅಪ್ಪನ ಹೆಸರಿನ ಮುಂದೆ ನಿಂತು ಮುತ್ತು ಕೊಟ್ಟು, ನಗ್ತಾ ಹೊರಟೋದ ಅಂತ ಇಡೀ ಓಣಿ ಆಡ್ಕೊಳ್ತಿದೆ.”

ಓರ್ನೆಲ್ಲಾ ಮುಂದೆ ಬಂದಳು. “ಅಜ್ಜಿ, ನನ್ನ ಹೆಸರು... ಅದನ್ನ ಹಾಕಿಸಿದ್ದು ಯಾರು?”

ಮುದುಕಿಯ ಚಾಕು ನಿಂತಿತು. ಅವಳನ್ನು ಮೊದಲ ಸಲ ನೆಟ್ಟಗೆ ನೋಡಿದಳು. “ನಿಮ್ಮಾವನೇ ಕಣಮ್ಮ. ಉಸಿರು ಸಿಗ್ತಾ ಇರ್ಲಿಲ್ಲ, ಆದ್ರೂ ಇಮ್ಮಾನ ಕೈ ಹಿಡ್ಕೊಂಡು, ಗೋಡೆಗೆ ಹಾಕೋವಾಗ ಸೊಸೆ ಹೆಸರು ಬಿಡ್ಬೇಡಿ ಅಂದ.”

ಕತಾಲ್ದೊ ಗೋಡೆಯತ್ತ ತಿರುಗಿದ. ನೋಟೀಸು ಅಲ್ಲೇ ಇತ್ತು. ಅಪ್ಪನ ಹೆಸರಿತ್ತು, ಅಮ್ಮನದಿತ್ತು, ಇಮ್ಮಾಳದಿತ್ತು. ಅದರ ಕೆಳಗೆ ಎರಡು ಸಾಲನ್ನು ಯಾರೋ ಕಪ್ಪು ಶಾಯಿಯಿಂದ ಮತ್ತೆ ಮತ್ತೆ ತೀಡಿ ಹೊಡೆದುಹಾಕಿದ್ದರು. ಒತ್ತಿದ ರಭಸಕ್ಕೆ ಒಂದು ಕಡೆ ಹಾಳೆಯೇ ಹರಿದು ಸುಣ್ಣ ಕಾಣುತ್ತಿತ್ತು.

“ಮಣ್ಣು ಮಾಡಿ ವಾಪಸ್ ಬರೋವಾಗ ನಿಮ್ಮಮ್ಮ ಪಾದ್ರಿ ಹತ್ರ ಪೆನ್ನು ಇಸ್ಕೊಂಡ್ಳು” ಎಂದು ಫಿಲೊಮೆನಾ ತಲೆ ತಗ್ಗಿಸಿ ಮತ್ತೆ ಹಿಟ್ಟು ಒತ್ತತೊಡಗಿದಳು.

ಓರ್ನೆಲ್ಲಾ ಕೈಯಲ್ಲಿದ್ದ ಫೋಟೊ ನೋಡಿದಳು. ಆ ಎರಡು ಹೆಸರುಗಳು ಅಲ್ಲಿ, ಅವರ ಮುತ್ತಿನ ಪಕ್ಕದಲ್ಲಿ, ಇನ್ನೂ ಸ್ಪಷ್ಟವಾಗಿ ಇದ್ದವು.